ಸ್ಟ್ರೋಕ್ ಅಪಾಯ ತಿಳಿಯೋಕೆ ಯಾವ ಅಳತೆ ನಂಬಬೇಕು: ತೂಕವಾ, ಹೊಟ್ಟೆ ಸುತ್ತಳತೆಯಾ, ಬಿಪಿಯಾ, ಲ್ಯಾಬ್ ರಿಪೋರ್ಟಾ?

ಲಕ್ವ ಹೊಡೆದವರನ್ನು ಮಾತಾಡಿಸಿಕೊಂಡು ಬಂದ ವಾರ ನಮ್ಮ ಕೋಲಾರದ ಕಡೆ ಮನೆಮನೆಯಲ್ಲೂ ಒಂದೇ ಪ್ರಶ್ನೆ. ನಮಗೂ ಬರಬಹುದಾ? ಮೊದಲೇ ಗೊತ್ತಾಗೋಕೆ ಯಾವ ಟೆಸ್ಟ್ ಮಾಡಿಸಬೇಕು? ಆಯ್ಕೆಗೇನೂ ಬರ ಇಲ್ಲ. ಒಂದು ಕಡೆ ಎಪ್ಪತ್ತು ಟೆಸ್ಟಿನ ಪ್ಯಾಕೇಜು, ಇನ್ನೊಂದು ಕಡೆ ಜಿಮ್ಮಿನ ಕೊಬ್ಬು ಅಳೆಯುವ ಮಷೀನು, ಫೋನಿನಲ್ಲಿ ಬಿಎಂಐ ಲೆಕ್ಕ ಹಾಕುವ ಆ್ಯಪು, ಮನೆಯಲ್ಲಿ ಬ್ಲೌಸ್ ಅಳತೆಗೆ ಇಟ್ಟ ಟೇಪು. ಎಲ್ಲವೂ ಒಂದೊಂದು ನಂಬರ್ ಕೊಡುತ್ತವೆ. ಯಾವ ನಂಬರಿಗೆ ಎಷ್ಟು ಬೆಲೆ ಅಂತ ಮಾತ್ರ ಯಾರೂ ಹೇಳುವುದಿಲ್ಲ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಓದುವಷ್ಟು ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ. ಮೊದಲ ದುಡ್ಡು ತೋಳಿಗೆ ಕಟ್ಟುವ ಬಿಪಿ ಮಷೀನಿಗೆ. ಆಮೇಲೆ ಟೇಪು. ಆಮೇಲೆ ಶುಗರ್ ಮತ್ತು ಕೊಲೆಸ್ಟ್ರಾಲ್, ಆ ಎರಡೇ ರಕ್ತದ ಟೆಸ್ಟು. ಉಳಿದದ್ದೆಲ್ಲ ಯಾರಾದರೂ ಬಿಟ್ಟಿ ಮಾಡಿದರೆ ಮಾಡಿಸಿ, ಇಲ್ಲದಿದ್ದರೆ ಬಿಡಿ.

ಇವುಗಳಲ್ಲಿ ಯಾವುದೂ ಇಂಥವರಿಗೆ ಇಂಥ ದಿನ ಸ್ಟ್ರೋಕ್ ಆಗುತ್ತದೆ ಅಂತ ಹೇಳುವುದಿಲ್ಲ. ಒಂದೇ ವಯಸ್ಸಿನ ಸಾವಿರ ಜನರನ್ನು ಸಾಲಾಗಿ ನಿಲ್ಲಿಸಿದರೆ ಯಾರ ಕಡೆ ಅಪಾಯ ಜಾಸ್ತಿ ವಾಲಿದೆ ಎಂದು ಹೇಳುತ್ತವೆ, ಅಷ್ಟೇ. ಸ್ಟ್ರೋಕಿನಲ್ಲೂ ಎರಡು ಬಗೆ. ಮೆದುಳಿನ ರಕ್ತನಾಳ ಕಟ್ಟಿಕೊಳ್ಳುವುದು ಒಂದು, ಒಡೆದು ರಕ್ತ ಸೋರುವುದು ಇನ್ನೊಂದು. ಕೊಲೆಸ್ಟ್ರಾಲಿನಂಥ ಅಳತೆ ಮುಖ್ಯವಾಗಿ ಮೊದಲನೆಯದರ ಸುಳಿವು ಕೊಡುತ್ತದೆ. ಬಿಪಿ ಎರಡಕ್ಕೂ ಕಾರಣ. ಬಿಪಿಯನ್ನು ಮುಂದೆ ಇಟ್ಟದ್ದಕ್ಕೆ ಇದೇ ಒಂದು ದೊಡ್ಡ ಕಾರಣ.

ಬಿಪಿ ಯಾಕೆ ಮೊದಲು

32 ದೇಶಗಳ ಸುಮಾರು 27 ಸಾವಿರ ಜನರನ್ನು ಸೇರಿಸಿಕೊಂಡು ಮಾಡಿದ ಇಂಟರ್‌ಸ್ಟ್ರೋಕ್ ಅಧ್ಯಯನ 2016ರಲ್ಲಿ ಪ್ರಕಟವಾಯಿತು, ಅದರಲ್ಲಿ ಭಾರತವೂ ಇತ್ತು. ಹತ್ತು ಕಾರಣಗಳನ್ನು ಸರಿಪಡಿಸಿದರೆ ಸ್ಟ್ರೋಕ್‌ಗಳಲ್ಲಿ ಸುಮಾರು 90 ಪರ್ಸೆಂಟನ್ನು ತಡೆಯಬಹುದು ಎಂಬುದು ಅದರ ಲೆಕ್ಕ. ಆ ಹತ್ತರಲ್ಲಿ ಬಿಪಿ ಒಂದರ ಪಾಲೇ ಸುಮಾರು 48 ಪರ್ಸೆಂಟ್. ಹೊಟ್ಟೆ ಮತ್ತು ಪಿರ್ರೆಯ ಅನುಪಾತದ ಪಾಲು ಸುಮಾರು 19. ಶುಗರ್ ಕಾಯಿಲೆಯದು ಬರೀ 4ರ ಆಸುಪಾಸು. ಈ 4 ಪರ್ಸೆಂಟನ್ನು ನೋಡಿ ಶುಗರ್ ಇರುವವರು ಖುಷಿಪಡಬೇಡಿ. ಅದು ಇಡೀ ಊರಿನ ಲೆಕ್ಕ. ಊರಲ್ಲಿ ಬಿಪಿ ಇರುವವರು ಜಾಸ್ತಿ, ಶುಗರ್ ಇರುವವರು ಅವರಿಗಿಂತ ಕಡಿಮೆ, ಹಾಗಾಗಿ ಪಾಲು ಕಡಿಮೆ ಕಾಣುತ್ತದೆ. ಶುಗರ್ ಇರುವ ಒಬ್ಬ ವ್ಯಕ್ತಿಯ ಲೆಕ್ಕ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನೊಂದು ಹಳೆಯ ಲೆಕ್ಕ ಇದೆ. ಹತ್ತು ಲಕ್ಷ ಜನರ ಮಾಹಿತಿ ಒಟ್ಟುಗೂಡಿಸಿ 2002ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದದ್ದು. 40ರಿಂದ 69 ವರ್ಷದವರಲ್ಲಿ 115/75ರಿಂದ ಶುರುಮಾಡಿ, ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಏರಿದಂತೆಲ್ಲ ಸ್ಟ್ರೋಕಿನಿಂದ ಸಾಯುವ ಅಪಾಯ ಎರಡು ಪಟ್ಟು ದಾಟುತ್ತಾ ಹೋಗುತ್ತದೆ. ಅಂದರೆ 115 ಇರುವವರಿಗೆ ಹೋಲಿಸಿದರೆ 135 ಇರುವವರಿಗೆ ಎರಡರಷ್ಟು, 155 ಇರುವವರಿಗೆ ನಾಲ್ಕರಷ್ಟು. ‘ನಂದು 138, ಬಾರ್ಡರ್‌ನಲ್ಲಿದೆ, ಏನೂ ಆಗಲ್ಲ’ ಅನ್ನುವವರು ಇದನ್ನು ಇನ್ನೊಂದು ಸಲ ಓದಿ. ಬಾರ್ಡರ್ ಅನ್ನುವುದು ಡಾಕ್ಟರು ಮಾತ್ರೆ ಶುರುಮಾಡೋಕೆ ಎಳೆದುಕೊಂಡ ಗೆರೆ. ರಕ್ತನಾಳಕ್ಕೆ ಆ ಗೆರೆ ಗೊತ್ತಿಲ್ಲ.

ಬಿಪಿಗೆ ಮತ್ತೊಂದು ಗುಣ ಇದೆ, ಬೇರೆ ಎಷ್ಟೋ ಅಳತೆಗೆ ಇಲ್ಲದ್ದು. ಇಳಿಸಬಹುದು, ಇಳಿಸಿದರೆ ಲಾಭ ಸಾಬೀತಾಗಿದೆ. ಮೇಲಿನ ಬಿಪಿಯಲ್ಲಿ 10 ಇಳಿದರೆ ಸ್ಟ್ರೋಕ್ ಅಪಾಯ ಸುಮಾರು ಕಾಲು ಭಾಗದಷ್ಟು ಕಡಿಮೆಯಾಗುತ್ತದೆ ಎಂದು ಚಿಕಿತ್ಸೆಯ ದೊಡ್ಡ ಪ್ರಯೋಗಗಳನ್ನೆಲ್ಲ ಒಟ್ಟಿಗೆ ನೋಡಿದಾಗ ಗೊತ್ತಾಗಿದೆ. ಇಲ್ಲಿ ನಂಬರ್ ನೋಡಿ ಹೆದರಿ ಸುಮ್ನೆ ಕೂರಬೇಕಾಗಿಲ್ಲ.

ಆದರೆ ಬಿಪಿ ನೋಡುವುದರಲ್ಲೇ ನಮ್ಮವರು ಹೆಚ್ಚು ಎಡವುತ್ತಾರೆ. ಎಪಿಎಂಸಿಯಲ್ಲಿ ಟೊಮೆಟೊ ಹರಾಜು ಮುಗಿಸಿ, ಒಂದು ಟೀ ಕುಡಿದು, ಬೀಡಿ ಎಳೆದು, ಕ್ಯಾಂಪಿನ ಟೇಬಲ್ ಮುಂದೆ ನಿಂತುಕೊಂಡೇ ಕೈ ಚಾಚುತ್ತಾರೆ. ಬಂದ ನಂಬರು ಆ ಗಳಿಗೆಯದು. ಜಾಸ್ತಿ ಬಂದರೆ ‘ಟೆನ್ಷನ್ನಿಗೆ’ ಎಂದು ತಳ್ಳಿಹಾಕುತ್ತಾರೆ, ಸರಿ ಬಂದರೆ ಮೂರು ವರ್ಷ ಆ ಕಡೆ ತಿರುಗಿ ನೋಡುವುದಿಲ್ಲ. ಆಸ್ಪತ್ರೆಯಲ್ಲಿ ಮಾತ್ರ ಏರುವ ಬಿಪಿಯೂ ಇದೆ. ಆಸ್ಪತ್ರೆಯಲ್ಲಿ ಸರಿಯಿದ್ದು ಮನೆಯಲ್ಲಿ ಏರುವುದೂ ಇದೆ, ಈ ಎರಡನೆಯದು ಹೆಚ್ಚು ಅಪಾಯದ್ದು, ಯಾಕೆಂದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಸರಿಯಾಗಿ ನೋಡುವ ವಿಧಾನ ಇದು. ಅರ್ಧ ಗಂಟೆ ಮುಂಚೆಯಿಂದ ಟೀ, ಕಾಫಿ, ಬೀಡಿ, ಹೊಗೆಸೊಪ್ಪು ಯಾವುದೂ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಪಾದ ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ, ಐದು ನಿಮಿಷ ಮಾತಿಲ್ಲದೆ ಕುಳಿತುಕೊಳ್ಳಿ. ತೋಳು ಎದೆಯ ಮಟ್ಟದಲ್ಲಿ ಟೇಬಲ್ ಮೇಲಿರಲಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ ಬರೆದಿಡಿ. ಬೆಳಿಗ್ಗೆ, ಸಂಜೆ, ಒಂದು ವಾರ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯಲ್ಲಿ ನೋಡಿದ ಸರಾಸರಿ 135/85 ಅಥವಾ ಅದಕ್ಕಿಂತ ಮೇಲಿದ್ದರೆ ಡಾಕ್ಟರ ಹತ್ತಿರ ಹೋಗಿ, ಆ ಹಾಳೆಯನ್ನೂ ತೆಗೆದುಕೊಂಡು ಹೋಗಿ.

ಮಷೀನು ಕೊಳ್ಳುವಾಗ ಎರಡು ವಿಷಯ. ಮಣಿಕಟ್ಟಿಗೆ ಕಟ್ಟುವುದು ಬೇಡ, ತೋಳಿನದೇ ಇರಲಿ. ಇನ್ನೊಂದು, ಪಟ್ಟಿಯ ಅಳತೆ. ಸಾಮಾನ್ಯ ಪಟ್ಟಿ 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ತೋರಿಸುತ್ತದೆ. ಒಂದೂವರೆಯಿಂದ ಎರಡೂವರೆ ಸಾವಿರದೊಳಗೆ ಒಳ್ಳೆಯ ಮಷೀನು ಸಿಗುತ್ತದೆ, ಮನೆಯವರೆಲ್ಲ ಹಂಚಿಕೊಳ್ಳಬಹುದು. ಪಕ್ಕದ ಮನೆಯವರೂ ಬರುತ್ತಾರೆ, ಅದು ಬೇರೆ ವಿಷಯ.

ತೂಕ, ಬಿಎಂಐ, ಟೇಪು

ಇಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕು, ಗೊಂದಲ ಇಲ್ಲೇ ಹೆಚ್ಚು.

ಬರೀ ತೂಕದಿಂದ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಎತ್ತರವನ್ನೂ ಸೇರಿಸಿ ಬಿಎಂಐ ಅಂತ ಮಾಡಿದರು. ತೂಕವನ್ನು ಕೆಜಿಯಲ್ಲಿ ತೆಗೆದುಕೊಂಡು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ನಂಬರು. ಈ ಸೂತ್ರ ಬೆಲ್ಜಿಯಂನ ಕೆಟ್ಲೆ ಎಂಬ ಗಣಿತಜ್ಞ 1830ರ ದಶಕದಲ್ಲಿ ಕೊಟ್ಟದ್ದು. ಅವನಿಗೆ ಬೇಕಾಗಿದ್ದದ್ದು ಜನಸಮೂಹದ ಸರಾಸರಿ, ಒಬ್ಬ ರೋಗಿಯ ಅಪಾಯ ಅಲ್ಲ. ಬಿಎಂಐ ಎಂಬ ಹೆಸರು ಬಂದದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಅವರಿಂದ. ಫೋನಿನ ಆ್ಯಪುಗಳಲ್ಲಿ 25ರ ತನಕ ಹಸಿರು ತೋರಿಸುವುದು ಯುರೋಪಿನವರ ಲೆಕ್ಕಕ್ಕೆ. ಭಾರತೀಯರಿಗೆ 23 ದಾಟಿದರೇ ಅಧಿಕ ತೂಕ, 25ಕ್ಕೆ ಬೊಜ್ಜು ಎಂದು ನಮ್ಮ ತಜ್ಞರು 2009ರಲ್ಲೇ ಒಪ್ಪಿಕೊಂಡಿದ್ದಾರೆ.

ಯಾಕೆ ಹೀಗೆ? ಪುಣೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮದೇ ಫೋಟೋ ಹಾಕಿ ಇದನ್ನು ತೋರಿಸಿದರು. ಇಬ್ಬರ ಬಿಎಂಐ ಒಂದೇ, 22.3. ಬ್ರಿಟಿಷ್ ಡಾಕ್ಟರ ಮೈಯಲ್ಲಿ ಕೊಬ್ಬು 9.1 ಪರ್ಸೆಂಟ್, ಯಾಜ್ಞಿಕರ ಮೈಯಲ್ಲಿ 21.2. ಕೈಕಾಲು ಸಣ್ಣ, ಹೊಟ್ಟೆ ಮುಂದೆ, ಸ್ನಾಯು ಕಡಿಮೆ. ನಮ್ಮ ಊರಿನ ಮದುವೆ ಊಟದ ಪಂಕ್ತಿಯಲ್ಲಿ ಒಂದು ಕಣ್ಣು ಹಾಯಿಸಿದರೆ ಈ ಮೈಕಟ್ಟು ಎಷ್ಟು ಮಾಮೂಲು ಅಂತ ಗೊತ್ತಾಗುತ್ತದೆ.

ಅಪಾಯ ಮಾಡುವುದು ಚರ್ಮದ ಕೆಳಗಿನ ಕೊಬ್ಬಿಗಿಂತ ಹೊಟ್ಟೆಯೊಳಗೆ, ಕರುಳು ಮತ್ತು ಲಿವರಿನ ಸುತ್ತ ಕೂತ ಕೊಬ್ಬು. ಅದರಿಂದ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರುತ್ತದೆ, ಬಿಪಿ ಏರುತ್ತದೆ. ಹಾಗಾಗಿ ಟೇಪು ತೂಕದ ಮಷೀನಿಗಿಂತ ಒಂದು ಹೆಜ್ಜೆ ಮುಂದೆ. 2010ರಲ್ಲಿ ಬಂದ ಇಂಟರ್‌ಸ್ಟ್ರೋಕ್‌ನ ಮೊದಲ ಹಂತದಲ್ಲಿ ಬಿಎಂಐಗೂ ಸ್ಟ್ರೋಕಿಗೂ ನಂಟು ಕಾಣಲೇ ಇಲ್ಲ, ಹೊಟ್ಟೆ ಮತ್ತು ಪಿರ್ರೆಯ ಅನುಪಾತಕ್ಕೆ ಚೆನ್ನಾಗಿ ಕಂಡಿತು.

ಟೇಪಿನಲ್ಲೂ ಮೂರು ಆಯ್ಕೆ ಇದೆ. ಬರೀ ಹೊಟ್ಟೆ ಸುತ್ತಳತೆ: ನಮ್ಮವರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಗಡಿ. ಹೊಟ್ಟೆಯನ್ನು ಪಿರ್ರೆಯಿಂದ ಭಾಗಿಸುವುದು: ಗಂಡಸರಲ್ಲಿ 0.90, ಹೆಂಗಸರಲ್ಲಿ 0.85. ಹೊಟ್ಟೆಯನ್ನು ಎತ್ತರದಿಂದ ಭಾಗಿಸುವುದು: ಎಲ್ಲರಿಗೂ 0.5, ಅಂದರೆ ಹೊಟ್ಟೆ ನಿಮ್ಮ ಎತ್ತರದ ಅರ್ಧ ದಾಟಬಾರದು.

ಮೂರು ಜನರನ್ನು ಇಟ್ಟುಕೊಂಡು ನೋಡೋಣ, ಮೂವರೂ ಲೆಕ್ಕಕ್ಕಾಗಿ ಕಟ್ಟಿಕೊಂಡವರು. ಮಂಡಿಯಲ್ಲಿ ಲೆಕ್ಕ ಬರೆಯುವ ಒಬ್ಬರು, 165 ಸೆಂಟಿಮೀಟರ್ ಎತ್ತರ, 64 ಕೆಜಿ. ಬಿಎಂಐ 23.5, ಆ್ಯಪು ಹಸಿರು ತೋರಿಸುತ್ತದೆ. ಟೇಪು ಹಾಕಿದರೆ ಹೊಟ್ಟೆ 94, ಪಿರ್ರೆ 92. ಒಂದು ಅನುಪಾತ 1.02, ಇನ್ನೊಂದು 0.57, ಎರಡೂ ಕೆಂಪು. ಎರಡನೆಯವರು ನರಸಾಪುರದ ಫ್ಯಾಕ್ಟರಿಯಲ್ಲಿ ಲೋಡಿಂಗ್ ಮಾಡುವ ಹುಡುಗ, 172 ಸೆಂಟಿಮೀಟರ್, 80 ಕೆಜಿ. ಬಿಎಂಐ 27, ಆ್ಯಪಿಗೆ ಅವನು ಅಧಿಕ ತೂಕದವನು, ನಮ್ಮ ತಜ್ಞರ ಲೆಕ್ಕಕ್ಕೆ ಬೊಜ್ಜಿನವನು. ಹೊಟ್ಟೆ 85, ಎತ್ತರದ ಅರ್ಧಕ್ಕಿಂತ ಕಡಿಮೆ. ಅವನದು ಹೆಚ್ಚಾಗಿ ಸ್ನಾಯು. ಮೂರನೆಯವರು ಶ್ರೀನಿವಾಸಪುರದ ಕಡೆಯ ಒಬ್ಬ ಹೆಂಗಸು, ಎತ್ತರ 148, ಹೊಟ್ಟೆ 78. ‘80ರ ಒಳಗೆ, ನಾರ್ಮಲ್’ ಎಂದು ಬರೆದು ಕಳಿಸುತ್ತಾರೆ. ಆದರೆ ಅವರ ಎತ್ತರದ ಅರ್ಧ 74. ನಮ್ಮ ಕಡೆ ಗಿಡ್ಡ ಹೆಂಗಸರು ಎಷ್ಟು ಜನ ಇದ್ದಾರೆ ಅಂತ ಯೋಚಿಸಿ, 80ರ ಗಡಿಯಲ್ಲಿ ಎಷ್ಟು ಜನ ತಪ್ಪಿಹೋಗುತ್ತಾರೆ ಅಂತ ತಿಳಿಯುತ್ತದೆ.

ಹಾಗಾಗಿ ಮನೆಗೆ ಒಂದೇ ಟೇಪಿನ ಲೆಕ್ಕ ಆರಿಸಿಕೊಳ್ಳಬೇಕಾದರೆ ನಾನು ಹೊಟ್ಟೆ ಮತ್ತು ಎತ್ತರದ ಅನುಪಾತವನ್ನೇ ಆರಿಸುತ್ತೇನೆ. ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಇದನ್ನೇ ಜನರಿಗೆ ಹೇಳಿತು. ಪಿರ್ರೆಯ ಅನುಪಾತಕ್ಕೆ ಸ್ಟ್ರೋಕಿನ ಪುರಾವೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಅದಕ್ಕೆ ಎರಡು ತೊಂದರೆ. ಎರಡು ಜಾಗ ಅಳೆಯಬೇಕು, ಎರಡರಲ್ಲೂ ತಪ್ಪಬಹುದು. ಜೊತೆಗೆ ನೀವು ಆರು ತಿಂಗಳು ಕಷ್ಟಪಟ್ಟು ಹೊಟ್ಟೆಯೂ ಪಿರ್ರೆಯೂ ಒಟ್ಟಿಗೆ ಕರಗಿದರೆ ಅನುಪಾತ ಇದ್ದಲ್ಲೇ ಇರುತ್ತದೆ, ನಿಮಗೆ ಬೇಸರ ಬರುತ್ತದೆ. ಎತ್ತರ ಮಾತ್ರ ಕರಗುವುದಿಲ್ಲ.

ಅಳೆಯುವ ಜಾಗ ಮುಖ್ಯ. ಪ್ಯಾಂಟಿನ ನಂಬರು ಹೇಳಬೇಡಿ. ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸಿ ಹಾಕಿಕೊಂಡು ‘ಇಪ್ಪತ್ತು ವರ್ಷದಿಂದ ಮೂವತ್ನಾಲ್ಕೇ’ ಅನ್ನುವವರು ನಮ್ಮಲ್ಲಿ ಬೇಕಾದಷ್ಟು. ಉಡಿದಾರ ಕೂತ ಜಾಗವೂ ಅಲ್ಲ, ಅದೂ ಕೆಳಗೆ ಜಾರಿರುತ್ತದೆ. ಪಕ್ಕೆಯ ಕೊನೆಯ ಎಲುಬು ಎಲ್ಲಿ ಮುಗಿಯುತ್ತದೆ, ಸೊಂಟದ ಮೂಳೆಯ ಅಂಚು ಎಲ್ಲಿ ಶುರುವಾಗುತ್ತದೆ ಅಂತ ಬೆರಳಲ್ಲಿ ಒತ್ತಿ ನೋಡಿ, ಎರಡರ ನಡುವೆ ಟೇಪು ಹಿಡಿಯಿರಿ. ಸೀರೆಯ ಲಂಗದ ಲಾಡಿ ಸಡಿಲಿಸಿ, ಬಟ್ಟೆಯ ಮೇಲೆ ಅಳೆಯಬೇಡಿ. ಮಾಮೂಲಿಯಾಗಿ ಉಸಿರು ಬಿಟ್ಟಾಗ ಓದಿ. ಹೊಟ್ಟೆ ಒಳಗೆ ಎಳೆದುಕೊಂಡರೆ ಮೋಸ ಹೋಗುವುದು ನೀವೇ ಅಲ್ವಾ.

ಜಿಮ್ಮುಗಳಲ್ಲಿ ನಿಂತರೆ ಚೀಟಿ ಬರುವ ಮಷೀನಿಗೆ ಒಂದೆರಡು ಮಾತು ಸಾಕು. ಅದು ಪಾದದ ಮೂಲಕ ಸಣ್ಣ ಕರೆಂಟು ಹಾಯಿಸಿ ಮೈಯ ನೀರಿನ ಲೆಕ್ಕದಿಂದ ಕೊಬ್ಬನ್ನು ಅಂದಾಜು ಮಾಡುತ್ತದೆ. ನೀರು ಕುಡಿದು ನಿಂತರೆ ಒಂದು, ಬೆವರಿ ನಿಂತರೆ ಇನ್ನೊಂದು. ‘ವಿಸೆರಲ್ ಫ್ಯಾಟ್ 11’ ಎಂದು ಬಂದದ್ದು ಹೊಟ್ಟೆಯೊಳಗೆ ಇಣುಕಿ ನೋಡಿದ್ದಲ್ಲ, ಕಂಪನಿಯ ಸೂತ್ರ ಊಹಿಸಿದ್ದು. ಟೇಪಿಗಿಂತ ಜಾಸ್ತಿ ಹೇಳುತ್ತದೆ ಅಂತ ನನಗೆ ಅನಿಸಿಲ್ಲ.

ಹಾಗಾದರೆ ಟೇಪು ಬಿಪಿಯ ಹಿಂದೆ ಯಾಕೆ?

ನನ್ನ ಇಡೀ ಮಾತು ನಿಂತಿರುವುದು ಇಲ್ಲಿ. ದಪ್ಪ ಇರುವವರಿಗೆ ಸ್ಟ್ರೋಕ್ ಅಪಾಯ ಜಾಸ್ತಿ, ಸರಿ. ಆ ಅಪಾಯ ಯಾವ ದಾರಿಯಲ್ಲಿ ಬರುತ್ತದೆ? 97 ಅಧ್ಯಯನಗಳ, 18 ಲಕ್ಷ ಜನರ ಮಾಹಿತಿ ಸೇರಿಸಿ 2014ರಲ್ಲಿ ಇದನ್ನು ಬಿಡಿಸಿ ನೋಡಿದರು. ತೂಕ ಜಾಸ್ತಿಯಾಗಿ ಬರುವ ಹೆಚ್ಚುವರಿ ಸ್ಟ್ರೋಕ್ ಅಪಾಯದಲ್ಲಿ ಮುಕ್ಕಾಲು ಭಾಗ ಬಿಪಿ, ಶುಗರ್, ಕೊಲೆಸ್ಟ್ರಾಲ್ ಈ ಮೂರರ ಮೂಲಕವೇ ಹಾದುಬರುತ್ತದೆ. ಬಿಪಿ ಒಂದರ ಮೂಲಕವೇ 65 ಪರ್ಸೆಂಟ್. ಹಾರ್ಟ್ ಅಟ್ಯಾಕಿನಲ್ಲಿ ಬಿಪಿಯ ಈ ಪಾಲು 31 ಮಾತ್ರ. ಹೃದಯಕ್ಕೂ ಮೆದುಳಿಗೂ ಲೆಕ್ಕ ಒಂದೇ ಅಲ್ಲ, ಇದನ್ನು ಪ್ಯಾಕೇಜು ಮಾರುವವರು ಯಾವತ್ತೂ ಬಿಡಿಸಿ ಹೇಳುವುದಿಲ್ಲ.

2011ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರ ಇನ್ನೊಂದು ದೊಡ್ಡ ವಿಶ್ಲೇಷಣೆ ಬಂತು. ಒಬ್ಬರ ಬಿಪಿ, ಶುಗರ್ ಕಾಯಿಲೆ ಇದೆಯೋ ಇಲ್ಲವೋ, ಕೊಲೆಸ್ಟ್ರಾಲ್ ಎಷ್ಟು ಎಂಬುದು ಮೊದಲೇ ಗೊತ್ತಿದ್ದರೆ, ಅದಕ್ಕೆ ಬಿಎಂಐ ಸೇರಿಸಿದರೂ, ಹೊಟ್ಟೆ ಸುತ್ತಳತೆ ಸೇರಿಸಿದರೂ, ಪಿರ್ರೆಯ ಅನುಪಾತ ಸೇರಿಸಿದರೂ ಹೃದಯ ಮತ್ತು ಸ್ಟ್ರೋಕಿನ ಭವಿಷ್ಯ ಹೇಳುವುದರಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಆಗಲಿಲ್ಲ.

ಅಂದರೆ ಟೇಪು ದಂಡ ಅಂತಲ್ಲ. ರಕ್ತದ ರಿಪೋರ್ಟ್ ಇಲ್ಲದವರಿಗೆ ಟೇಪು ಬಾಗಿಲು ತೆರೆಯುತ್ತದೆ, ಯಾರು ಮೊದಲು ಟೆಸ್ಟ್ ಮಾಡಿಸಬೇಕು ಅಂತ ಹೇಳುತ್ತದೆ. ಮೂವತ್ತು ವರ್ಷದ ಹುಡುಗನಲ್ಲಿ ಬಿಪಿ, ಶುಗರ್ ಎರಡೂ ಇನ್ನೂ ಸರಿಯಿರುವಾಗಲೇ ಹೊಟ್ಟೆ ಮುಂದೆ ಬಂದಿರುತ್ತದೆ, ಅವನಿಗೆ ಮುಂದಿನ ಹದಿನೈದು ವರ್ಷದ ಸುದ್ದಿ ಕೊಡುವುದು ಟೇಪೇ. ಐವತ್ತು ದಾಟಿದವರಿಗೆ ಮಾತ್ರ ಆ ಸುದ್ದಿ ಆಗಲೇ ಬಿಪಿ ಮಷೀನಿನಲ್ಲಿ ಬಂದಿರುತ್ತದೆ. ಹೊಟ್ಟೆ ಇಲ್ಲದ ಸಣಕಲು ಮನುಷ್ಯನಿಗೂ ಬಿಪಿ 160 ಇರಬಹುದು, ನಮ್ಮ ಹಳ್ಳಿಗಳಲ್ಲಿ ಅಂಥವರು ಎಷ್ಟೋ ಜನ. ದಿನಾ ಹೊಲದಲ್ಲಿ ದುಡಿಯುತ್ತಾರೆ, ಅಂತರಗಂಗೆ ಬೆಟ್ಟದ ಮೆಟ್ಟಿಲು ಏದುಸಿರಿಲ್ಲದೆ ಹತ್ತುತ್ತಾರೆ, ಊಟಕ್ಕೆ ಉಪ್ಪುಸಾರು, ಉಪ್ಪಿನಕಾಯಿ, ಸಂಡಿಗೆ. ಟೇಪು ಅವರನ್ನು ಪಾಸು ಮಾಡುತ್ತದೆ. ಬೆಟ್ಟ ಹತ್ತುವ ಶಕ್ತಿಯೂ ಪಾಸು ಮಾಡುತ್ತದೆ. ಅವರನ್ನು ಹಿಡಿಯುವುದು ಬಿಪಿ ಮಷೀನು ಒಂದೇ.

ರಕ್ತದ ಟೆಸ್ಟುಗಳು

ಶುಗರ್ ಕಾಯಿಲೆ ಇರುವ ಒಬ್ಬ ವ್ಯಕ್ತಿಗೆ, ಇಲ್ಲದವರಿಗಿಂತ, ರಕ್ತ ಕಟ್ಟಿಕೊಳ್ಳುವ ಸ್ಟ್ರೋಕಿನ ಅಪಾಯ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಖಾಲಿ ಹೊಟ್ಟೆಯ ಶುಗರ್ 126 ಅಥವಾ ಎಚ್‌ಬಿಎ1ಸಿ 6.5 ಮುಟ್ಟಿದರೆ ಕಾಯಿಲೆ, ಸಾಮಾನ್ಯವಾಗಿ ಇನ್ನೊಂದು ಸಲ ಮಾಡಿಸಿ ಖಚಿತ ಮಾಡಿಕೊಳ್ಳುತ್ತಾರೆ. 100ರಿಂದ 125, ಅಥವಾ 5.7ರಿಂದ 6.4 ಇದ್ದರೆ ಹೊಸ್ತಿಲಲ್ಲಿದ್ದೀರಿ. ಭಾರತದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಕಾಯಿಲೆ ಇದೆ, ಹದಿಮೂರು ಕೋಟಿಗೂ ಹೆಚ್ಚು ಜನ ಹೊಸ್ತಿಲಲ್ಲಿದ್ದಾರೆ ಎಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಹೇಳಿತು. ಈ ಎರಡು ಶುಗರ್ ಟೆಸ್ಟಿನಲ್ಲಿ ಯಾವುದು ಅಂದರೆ, ಉಪವಾಸ ಇರುವುದು ಕಷ್ಟವಾದವರಿಗೆ ಎಚ್‌ಬಿಎ1ಸಿ ಅನುಕೂಲ, ಮೂರು ತಿಂಗಳ ಸರಾಸರಿ ಹೇಳುತ್ತದೆ. ಆದರೆ ರಕ್ತಹೀನತೆ ಇರುವ ಹೆಂಗಸರಲ್ಲಿ ಅದು ದಾರಿ ತಪ್ಪಿಸುತ್ತದೆ. ಕಬ್ಬಿಣದ ಕೊರತೆ ಇದ್ದರೆ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಅಂಥವರು ಖಾಲಿ ಹೊಟ್ಟೆಯ ಶುಗರ್ ಮಾಡಿಸುವುದೇ ಮೇಲು. ಮತ್ತೆ, ಮುದ್ದೆ ತಿನ್ನುವವರಿಗೆ ಶುಗರ್ ಬರುವುದಿಲ್ಲ ಎಂಬ ಮಾತು ನಮ್ಮಲ್ಲಿ ಗಟ್ಟಿಯಾಗಿದೆ. ಎರಡು ದೊಡ್ಡ ಮುದ್ದೆ, ಮೇಲೆ ಅನ್ನ, ಆಮೇಲೆ ಕೂತಲ್ಲೇ ಕೆಲಸ ಅಂದರೆ ರಾಗಿಯಾದರೂ ಏನು ಮಾಡುತ್ತದೆ?

ಕೊಲೆಸ್ಟ್ರಾಲ್ ರಿಪೋರ್ಟಿನಲ್ಲಿ ಎಲ್ಲರೂ ಮೊದಲ ಸಾಲಿನ ಒಟ್ಟು ಕೊಲೆಸ್ಟ್ರಾಲ್ ನೋಡಿ ಮಡಚಿಡುತ್ತಾರೆ. ನಮ್ಮವರಲ್ಲಿ ಅದು ಎಷ್ಟೋ ಸಲ 180ರ ಆಸುಪಾಸಿನಲ್ಲೇ ಇರುತ್ತದೆ. ಕೆಳಗಿನ ಸಾಲು ನೋಡಿ: ಟ್ರೈಗ್ಲಿಸರೈಡ್ 150 ದಾಟಿರುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಎಂದು ಕರೆಯುವ ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಇಳಿದಿರುತ್ತದೆ. ಹೊಟ್ಟೆಯ ಕೊಬ್ಬಿನ ಸಹಿ ಇದು. ಕೆಟ್ಟ ಕೊಲೆಸ್ಟ್ರಾಲ್ ಎಂದು ಕರೆಯುವ ಎಲ್‌ಡಿಎಲ್ ಬೇರೆ ಕಥೆ. ಅದನ್ನು ಮಾತ್ರೆಯಿಂದ ಸುಮಾರು 39 ಮಿಲಿಗ್ರಾಂ ಇಳಿಸಿದರೆ ರಕ್ತ ಕಟ್ಟಿಕೊಳ್ಳುವ ಸ್ಟ್ರೋಕ್ ಸುಮಾರು ಐದರಲ್ಲಿ ಒಂದು ಭಾಗ ಕಡಿಮೆಯಾಗುತ್ತದೆ. ಹಾಗಾಗಿ ಚಿಕಿತ್ಸೆ ನಿರ್ಧರಿಸುವಾಗ ಡಾಕ್ಟರು ನೋಡುವುದು ಎಲ್‌ಡಿಎಲ್.

ಈಚೆಗೆ ಕೆಲವು ಕಡೆ ಟಿವೈಜಿ ಸೂಚ್ಯಂಕ ಎಂದು ಒಂದು ಹೊಸ ನಂಬರು ಓಡಾಡುತ್ತಿದೆ. ಮೆಕ್ಸಿಕೊದ ಸಂಶೋಧಕರು 2008ರಲ್ಲಿ ತಂದದ್ದು. ಖಾಲಿ ಹೊಟ್ಟೆಯ ಟ್ರೈಗ್ಲಿಸರೈಡನ್ನು ಶುಗರಿನಿಂದ ಗುಣಿಸಿ, ಎರಡರಿಂದ ಭಾಗಿಸಿ, ಅದರ ನ್ಯಾಚುರಲ್ ಲಾಗ್ ತೆಗೆಯಬೇಕು. ಟ್ರೈಗ್ಲಿಸರೈಡ್ 110, ಶುಗರ್ 92 ಇದ್ದರೆ ಸುಮಾರು 8.5. 220 ಮತ್ತು 118 ಇದ್ದರೆ ಸುಮಾರು 9.5. ನಂಬರು ಏರಿದಂತೆ ಇನ್ಸುಲಿನ್ ಕೆಲಸ ಮಾಡುತ್ತಿಲ್ಲ ಎಂದು ಅರ್ಥ, ಸ್ಟ್ರೋಕಿನ ಅಪಾಯವೂ ಏರುತ್ತದೆ ಎಂದು, ಮುಖ್ಯವಾಗಿ ಚೀನಾದ ದೊಡ್ಡ ಅಧ್ಯಯನಗಳಲ್ಲಿ ಕಂಡಿದೆ. ಸುಳ್ಳಲ್ಲ. ಆದರೆ ಎಲ್ಲರೂ ಒಪ್ಪಿದ ಗಡಿ ಇಲ್ಲ, ಇದನ್ನೇ ಗುರಿಯಿಟ್ಟು ಕೊಡುವ ಮಾತ್ರೆಯೂ ಇಲ್ಲ. ಕೆಲವು ಕ್ಯಾಲ್ಕುಲೇಟರ್‌ಗಳು ಎರಡರಿಂದ ಭಾಗಿಸುವುದನ್ನು ಲಾಗ್ ತೆಗೆದ ಮೇಲೆ ಮಾಡುತ್ತವೆ, ಆಗ ಅದೇ ಇಬ್ಬರಿಗೆ 4.6, 5.1 ಎಂದು ಬಂದು ಗಾಬರಿಯಾಗುತ್ತದೆ. ನಿಮ್ಮ ರಿಪೋರ್ಟಿನಲ್ಲಿ ಎರಡೂ ನಂಬರು ಹೇಗೂ ಇರುತ್ತವೆ, ಕುತೂಹಲ ಇದ್ದರೆ ಮನೆಯಲ್ಲೇ ಲೆಕ್ಕ ಹಾಕಿ. ಇದಕ್ಕೆ ಬೇರೆ ದುಡ್ಡು ಕೇಳಿದರೆ ಕೊಡಬೇಡಿ.

ಒಂದೊಂದೇ ನೋಡಬೇಕಾ, ಒಟ್ಟಿಗೆ ನೋಡಬೇಕಾ

ಒಟ್ಟಿಗೆ ನೋಡುವ ಹಳೆಯ ದಾರಿ ಮೆಟಬಾಲಿಕ್ ಸಿಂಡ್ರೋಮ್. ಹೊಟ್ಟೆ 90 ಅಥವಾ 80 ಮುಟ್ಟಿದೆ, ಟ್ರೈಗ್ಲಿಸರೈಡ್ 150ಕ್ಕೆ ಬಂದಿದೆ, ಎಚ್‌ಡಿಎಲ್ ಕಡಿಮೆ, ಬಿಪಿ 130/85ಕ್ಕೆ ಬಂದಿದೆ, ಖಾಲಿ ಹೊಟ್ಟೆಯ ಶುಗರ್ 100 ಮುಟ್ಟಿದೆ. ಐದರಲ್ಲಿ ಮೂರು ಹೌದು ಅಂದರೆ ಇದೆ ಎಂದು ಲೆಕ್ಕ. ಜನರಿಗೆ ಅರ್ಥ ಮಾಡಿಸೋಕೆ ಸುಲಭ. ಆದರೆ 131 ಬಿಪಿಗೂ 175 ಬಿಪಿಗೂ ಇದರಲ್ಲಿ ಒಂದೇ ಮಾರ್ಕು, ವಯಸ್ಸಿಗೆ ಮಾರ್ಕೇ ಇಲ್ಲ. ಸ್ಟ್ರೋಕಿನಲ್ಲಿ ವಯಸ್ಸು ಬಿಟ್ಟು ಲೆಕ್ಕ ಹಾಕಿದರೆ ಹೇಗೆ?

ವಿಶ್ವ ಆರೋಗ್ಯ ಸಂಸ್ಥೆಯ 2019ರ ಬಣ್ಣದ ಚಾರ್ಟು ಇದಕ್ಕಿಂತ ಒಳ್ಳೆಯದು. ದಕ್ಷಿಣ ಏಷ್ಯಾಕ್ಕೇ ಬೇರೆ ಚಾರ್ಟು ಇದೆ. ರಕ್ತದ ಟೆಸ್ಟು ಇಲ್ಲದವರಿಗೆ ವಯಸ್ಸು, ಗಂಡೋ ಹೆಣ್ಣೋ, ಸಿಗರೇಟು ಬೀಡಿ ಸೇದುತ್ತಾರಾ, ಮೇಲಿನ ಬಿಪಿ, ಬಿಎಂಐ ಸಾಕು. ಟೆಸ್ಟು ಇದ್ದವರಿಗೆ ಬಿಎಂಐ ಬದಲು ಶುಗರ್ ಕಾಯಿಲೆ ಮತ್ತು ಕೊಲೆಸ್ಟ್ರಾಲ್. ಮುಂದಿನ ಹತ್ತು ವರ್ಷದಲ್ಲಿ ಹಾರ್ಟ್ ಅಟ್ಯಾಕ್ ಅಥವಾ ಸ್ಟ್ರೋಕ್ ಆಗುವ ಅಪಾಯ ಎಷ್ಟು ಪರ್ಸೆಂಟ್ ಎಂದು ಹೇಳುತ್ತದೆ.

ಇನ್ನು ಬಿಟ್ಟಿಯಾಗಿ ಸಿಗುವುದು. ಆಶಾ ಕಾರ್ಯಕರ್ತೆಯರು 30 ದಾಟಿದವರಿಗೆ ತುಂಬುವ ಫಾರ್ಮಿನಲ್ಲಿ ಹೊಟ್ಟೆ ಸುತ್ತಳತೆ, ವಯಸ್ಸು, ತಂಬಾಕು, ಕುಡಿತ, ಓಡಾಟ, ಮನೆತನದ ಕಾಯಿಲೆ ಎಲ್ಲಕ್ಕೂ ಮಾರ್ಕು ಇದೆ, ನಾಲ್ಕು ದಾಟಿದರೆ ಮೊದಲು ತಪಾಸಣೆಗೆ ಕಳಿಸುತ್ತಾರೆ. ಮನೆಮನೆಗೆ ಬಂದು ಬಿಪಿ, ಶುಗರ್ ನೋಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಮೊದಲು ಶುರುವಾದದ್ದೇ ನಮ್ಮ ಜಿಲ್ಲೆಯಲ್ಲಿ. ನಿಮ್ಹಾನ್ಸ್ ಜೊತೆಗಿನ ಮೆದುಳು ಆರೋಗ್ಯ ಕಾರ್ಯಕ್ರಮದ ಮೊದಲ ಜಿಲ್ಲೆಗಳಲ್ಲೂ ಕೋಲಾರ, ಚಿಕ್ಕಬಳ್ಳಾಪುರ ಇದ್ದವು. ಆಶಾ ಮನೆಗೆ ಬಂದಾಗ ‘ನಮಗೇನೂ ಇಲ್ಲ ಕಣಮ್ಮ’ ಎಂದು ಬಾಗಿಲಲ್ಲೇ ಕಳಿಸುವವರು, ಮುಂದಿನ ವಾರ ಪ್ಯಾಕೇಜಿಗೆ ಮೂರು ಸಾವಿರ ಕಟ್ಟುತ್ತಾರೆ. ಇದು ನನಗೆ ಯಾವತ್ತೂ ಅರ್ಥವಾಗಿಲ್ಲ.

ಈ ಯಾವ ಅಳತೆಗೂ ಸಿಗದ್ದು

ನಾಡಿ. ಹೃದಯದ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಎಂಬ ತೊಂದರೆ ಇದ್ದರೆ ಸ್ಟ್ರೋಕ್ ಅಪಾಯ ಸುಮಾರು ಐದು ಪಟ್ಟು. ಬಿಎಂಐಯೂ ಟೇಪೂ ಕೊಲೆಸ್ಟ್ರಾಲೂ ಸರಿಯಿದ್ದು ಇದೊಂದೇ ಇರಬಹುದು. ಮಣಿಕಟ್ಟಿನ ನಾಡಿಯನ್ನು ಅರ್ಧ ನಿಮಿಷ ಹಿಡಿದು ನೋಡಿ, ಗೊತ್ತುಗುರಿ ಇಲ್ಲದೆ ಬಡಿಯುತ್ತಿದ್ದರೆ ಇಸಿಜಿ ಮಾಡಿಸಿ. ಈಗಿನ ಕೆಲವು ಬಿಪಿ ಮಷೀನುಗಳು ತಾಳ ತಪ್ಪಿದರೆ ಗುರುತು ತೋರಿಸುತ್ತವೆ, ಕೊಳ್ಳುವಾಗ ಅಂಥದ್ದೇ ಕೇಳಿ.

ಬಸಿರಿನಲ್ಲಿ ಬಿಪಿ ಏರಿದ್ದ ಹೆಂಗಸರೂ ಹಾಗೆಯೇ. ಹೆರಿಗೆ ಆದ ಮೇಲೆ ಬಿಪಿ ಇಳಿಯಿತು, ಎಲ್ಲರೂ ಮರೆತರು. ಆದರೆ ಅವರಿಗೆ ಮುಂದೆ ಸ್ಟ್ರೋಕ್ ಅಪಾಯ ಬೇರೆಯವರಿಗಿಂತ ಜಾಸ್ತಿ. ಹಳೆಯ ತಾಯಿ ಕಾರ್ಡ್ ತೆಗೆದು ನೋಡಿ, ಅದರಲ್ಲಿ 140/90 ಬರೆದಿದ್ದರೆ ವರ್ಷಕ್ಕೊಮ್ಮೆಯಾದರೂ ಬಿಪಿ ನೋಡಿಸಿ, ವಯಸ್ಸು ಮೂವತ್ತೈದೇ ಆಗಿರಲಿ.

ಯಾರು ಯಾವುದನ್ನು ಹಿಡಿಯಬೇಕು

ಮೂವತ್ತರ ಆಸುಪಾಸಿನವರು, ಬಂಗಾರಪೇಟೆಯಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದಿನವಿಡೀ ಕೂತು ಬರುವವರು, ನರಸಾಪುರ, ವೇಮಗಲ್ ಕಡೆ ರಾತ್ರಿ ಪಾಳಿ ಮಾಡುವವರು: ಟೇಪು ಮೊದಲು, ವರ್ಷಕ್ಕೊಮ್ಮೆ ಬಿಪಿ, ಹೊಟ್ಟೆ ಎತ್ತರದ ಅರ್ಧ ದಾಟಿದ್ದರೆ ಶುಗರ್ ಮತ್ತು ಕೊಲೆಸ್ಟ್ರಾಲ್. ನಲವತ್ತು ದಾಟಿದವರು: ಮನೆಯಲ್ಲಿ ಮಷೀನು, ವರ್ಷಕ್ಕೊಮ್ಮೆ ಎರಡೂ ರಕ್ತದ ಟೆಸ್ಟು, ಚಾರ್ಟಿನಲ್ಲಿ ಡಾಕ್ಟರ ಹತ್ತಿರ ಲೆಕ್ಕ ಹಾಕಿಸಿಕೊಳ್ಳುವುದು. ಅಪ್ಪ ಅಮ್ಮನಿಗೆ ಸ್ಟ್ರೋಕ್ ಆಗಿದ್ದರೆ ಇದನ್ನೇ ಹತ್ತು ವರ್ಷ ಮುಂಚೆ ಶುರುಮಾಡಿ.

ಎಪ್ಪತ್ತು ದಾಟಿದವರ ವಿಷಯದಲ್ಲಿ ಟೇಪನ್ನು ಅಷ್ಟು ನಂಬಬೇಡಿ. ಬೆನ್ನು ಬಾಗಿ ಎತ್ತರ ಕುಗ್ಗಿರುತ್ತದೆ, ಹೊಟ್ಟೆ ಬೆಳೆಯದಿದ್ದರೂ ಅನುಪಾತ ಏರುತ್ತದೆ. ಸ್ನಾಯು ಕರಗಿ ತೂಕ ಇಳಿದಿದ್ದರೆ ಬಿಎಂಐ ಚೆನ್ನಾಗಿ ಕಾಣುತ್ತದೆ, ಅದೂ ಸುಳ್ಳು. ಅವರಿಗೆ ಬಿಪಿ ಮತ್ತು ನಾಡಿ, ಇವೆರಡೇ ಸಾಕು. ಬಿಪಿಯನ್ನು ಕೂತಾಗ ಒಂದು ಸಲ, ಎದ್ದು ನಿಂತು ಒಂದರಿಂದ ಮೂರು ನಿಮಿಷದೊಳಗೆ ಇನ್ನೊಂದು ಸಲ ನೋಡಿ. ನಿಂತಾಗ ಮೇಲಿನದು 20 ಅಥವಾ ಅದಕ್ಕಿಂತ ಜಾಸ್ತಿ ಇಳಿಯುತ್ತಿದ್ದರೆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಎರಡೂ ನಂಬರು ಬರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.